ಎಲ್ಲರೂ ಹೋದ ಕಡೆ ಬೇಡ

ಫ್ರೇಮಣ್ಣನ ಎಲ್ಲ ಫಜೀತಿಗೂ ಮೂಲ, ಇಡೀ ಬೀದಿ ಬಾಯ್ತುಂಬ ಕರೆಯುವ ‘ಅಕ್ಕ’ ಎಂಬ ಎರಡಕ್ಷರ ಅವನ ಬಾಯಿಂದ ಹೊರಡದೇ ಇದ್ದದ್ದು.

ಸೈಕಲ್ ಅಂಗಡಿಯಾಕೆ ಬೀದಿಗೆಲ್ಲ ಅಕ್ಕ. ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷವಾದ ಡ್ರಿಲ್ ಮಾಸ್ತರರಿಗೂ ಅಕ್ಕ, ಅವರ ಮೊಮ್ಮಗಳಿಗೂ ಅಕ್ಕ. ಎದುರಂಗಡಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಫ್ರೇಮಣ್ಣ ಮಾತ್ರ ಆಕೆಯನ್ನು ಏನೆಂದೂ ಕರೆಯುತ್ತಿರಲಿಲ್ಲ. ಗಾಳಿ ಹೊಡೆಸಬೇಕಾದರೆ ಸೈಕಲ್ಲನ್ನು ಅಂಗಡಿಯ ಮುಂದೆ ನಿಲ್ಲಿಸಿ, ಆಕೆ ತಿರುಗಿ ನೋಡುವವರೆಗೂ ಕೆಮ್ಮುತ್ತಿದ್ದ. ಅದನ್ನು ನೋಡಿ ನೋಡಿ ಔಷಧಿ ಅಂಗಡಿಯವರು ಒಂದು ಸಲ ಕರೆದು ಸಿರಪ್ಪು ಕೊಟ್ಟು ಕಳಿಸಿದ್ದರು. ಪಾಪ, ಅವನು ಅದನ್ನು ಕುಡಿದೂ ಇದ್ದ.

ಬೇರೆಯವರ ಮದುವೆ ಫೋಟೊಗಳಿಗೆ ಗಾಜು ಕೂರಿಸುತ್ತ ಕೂರಿಸುತ್ತ ಅವನ ಕಿವಿಯ ಪಕ್ಕದ ಕೂದಲು ಬೆಳ್ಳಗಾಗತೊಡಗಿತ್ತು. ಆಕೆಗೆ ಹೇಳಬೇಕಾದ ಒಂದು ಮಾತನ್ನು ಗೋಡೆಯ ಮೇಲಿದ್ದ ಅಷ್ಟೂ ಗಂಡ-ಹೆಂಡಿರ ಮುಂದೆ ದಿನವೂ ಹೇಳಿ ರೂಢಿ ಮಾಡಿಕೊಂಡಿದ್ದ. ಅವರ್ಯಾರೂ ಬೇಡ ಅಂದಿರಲಿಲ್ಲ. ಆಕೆಯ ಮುಂದೆ ನಿಂತರೆ ಮಾತ್ರ ನಾಲಿಗೆ ತುಕ್ಕು ಹಿಡಿದ ಚೈನಿನಂತೆ ಅಲ್ಲೇ ನಿಂತುಬಿಡುತ್ತಿತ್ತು.

ಆ ಶನಿವಾರ ಸಂಜೆ ಬೇಕರಿ ಆಂಟಿ ಸುದ್ದಿ ಹೊತ್ತು ತಂದರು.

“ಕೇಳಿದ್ಯೇನಪ್ಪಾ? ಅಕ್ಕನಿಗೆ ಅವಳ ಅಣ್ಣ ಫೋನ್ ಮಾಡಿದ್ನಂತೆ. ದೊಡ್ಡೂರಲ್ಲಿ ಸೈಕಲ್ ಶೋರೂಮ್ ಹಾಕಿದಾನಂತೆ. ಇಲ್ಲಿ ಬಾಗಿಲು ಹಾಕ್ಕೊಂಡು ಬಂದ್ಬಿಡು ಅಂತಿದಾನೆ. ಇವಳು ಸೋಮವಾರ ಹೇಳ್ತೀನಿ ಅಂದಿದಾಳೆ.”

ಫ್ರೇಮಣ್ಣನ ಕೈಯಲ್ಲಿದ್ದ ಗಾಜು ಎರಡು ಹೋಳಾಯಿತು.

“ನಿನಗ್ಯಾಕಪ್ಪಾ ಅಷ್ಟೊಂದು ಗಾಬರಿ?” ಎಂದು ಕೇಳಿದ ಆಂಟಿ, ಉತ್ತರಕ್ಕೆ ಕಾಯದೆ ಔಷಧಿ ಅಂಗಡಿಯ ಕಡೆ ನಡೆದರು.

ಉಳಿದದ್ದು ಭಾನುವಾರ ಒಂದೇ. ಅಷ್ಟರಲ್ಲಿ ಹೇಳದಿದ್ದರೆ ಎದುರಂಗಡಿಗೆ ಬೀಗ ಬೀಳುತ್ತದೆ. ಆಮೇಲೆ ಜೀವಮಾನವಿಡೀ ಆ ಬೀಗ ನೋಡುತ್ತ ಕೂರಬೇಕು.

ಭಾನುವಾರ ಬೆಳಿಗ್ಗೆ ಬೀದಿಯವರು ಊರಾಚೆಯ ರಕ್ಷಿತ ಕಾಡಿನಲ್ಲಿ ಸೈಕಲ್ ತುಳಿಯುವುದು ವಾಡಿಕೆ. ಆ ಹುಚ್ಚು ಹತ್ತಿಸಿದವಳೂ ಆಕೆಯೇ. ದಪ್ಪ ಟೈರಿನ, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲಿನ ಸೈಕಲ್ಲುಗಳನ್ನು ಒಬ್ಬೊಬ್ಬರಿಗೂ ಕೈಯಾರೆ ಜೋಡಿಸಿ ಕೊಟ್ಟಿದ್ದಳು. ಕಾಡೆಂದರೆ ಏರಿಲ್ಲ, ಇಳಿಜಾರಿಲ್ಲ, ಎಲ್ಲ ಸಮತಟ್ಟು. ಮರಗಳ ನಡುವೆ ಕರಕರ ಎನ್ನುವ ಜಲ್ಲಿ ದಾರಿ. ಸ್ವಲ್ಪ ಹೋದರೆ ಒಂದು ಕೆರೆ, ಇನ್ನು ಸ್ವಲ್ಪ ಹೋದರೆ ಅದರದೇ ತಂಗಿಯಂಥ ಇನ್ನೊಂದು ಕೆರೆ. ಫೋನೂ ಸಿಗುವುದಿಲ್ಲ. ದಾರಿ ತಪ್ಪಲು ಇಷ್ಟು ಸಾಕಲ್ಲ?

ಅದಕ್ಕೇ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಎಲ್ಲರಿಗಿಂತ ಮುಂದೆ ಹೋಗುವವರು ಪ್ರತಿ ಕವಲಿನಲ್ಲೂ ಒಣ ಕಡ್ಡಿಗಳಿಂದ ಬಾಣ ಮಾಡಿಟ್ಟು, ತಾವು ಹೋದ ದಿಕ್ಕು ತೋರಿಸಬೇಕು. ಹಿಂದಿನವರು ಬಾಣ ನೋಡಿಕೊಂಡು ಬರಬೇಕು. ಮುಂದಾಳು ಫ್ರೇಮಣ್ಣ, ಅಳತೆ ಹಿಡಿದು ಪಳಗಿದ ಕೈ, ಅವನ ಬಾಣ ಒಂದು ಕೂದಲೆಳೆಯೂ ಸೊಟ್ಟಗಿರುತ್ತಿರಲಿಲ್ಲ. ಎಲ್ಲರಿಗಿಂತ ಹಿಂದೆ ಆಕೆ, ಯಾರ ಟೈರು ಪಂಕ್ಚರ್ ಆದರೂ ದಾರಿಯಲ್ಲೇ ಸರಿಮಾಡಲು. ಹೀಗಾಗಿ ಇಬ್ಬರ ನಡುವೆ ಪ್ರತಿ ಭಾನುವಾರವೂ ಡ್ರಿಲ್ ಮಾಸ್ತರರು, ಔಷಧಿ ಅಂಗಡಿಯವರು, ಬೇಕರಿ ಆಂಟಿ, ಮೂವರೂ ಸಾಲಾಗಿ ಇದ್ದೇ ಇರುತ್ತಿದ್ದರು.

ಫ್ರೇಮಣ್ಣ ಒಂದು ಉಪಾಯ ಹೂಡಿದ. ದೊಡ್ಡ ಕವಲಿನಲ್ಲಿ ಎಡಕ್ಕೆ ಹೋದರೆ ದೊಡ್ಡ ಕೆರೆ, ಬಲಕ್ಕೆ ಹೋದರೆ ಚಿಕ್ಕ ಕೆರೆ. ಬಾಣವನ್ನು ಎಡಕ್ಕೆ ಇಟ್ಟು ತಾನು ಬಲಕ್ಕೆ ಹೋಗುವುದು. ಮೂವರೂ ಬಾಣ ನಂಬಿ ಎಡಕ್ಕೆ ಹೋಗುತ್ತಾರೆ. ಆಕೆಗೊಬ್ಬಳಿಗೆ ಮೊದಲೇ ಒಂದು ಮಾತು ಹೇಳಿಟ್ಟರಾಯಿತು.

ಆ ಒಂದು ಮಾತು ಹೇಳುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂತು. ಕಾಡಿನ ಗೇಟಿನ ಬಳಿ ಆಕೆ ಕೂತು ಅವನ ಬ್ರೇಕು ಬಿಗಿ ಮಾಡುತ್ತಿದ್ದಳು. ಕೆನ್ನೆಯ ಮೇಲೆ ಗ್ರೀಸಿನ ಗೆರೆ. ಹಿಂದೆ ಮಾಸ್ತರರು ಹೊರಡಲು ಸೀಟಿ ಊದುತ್ತಿದ್ದರು.

“ಇವತ್ತು... ಕವಲಲ್ಲಿ... ಬಾಣ ನೋಡ್ಬೇಡಿ,” ಎಂದ ಫ್ರೇಮಣ್ಣ.

“ಮತ್ತೆ?”

“ಎಲ್ಲರೂ ಹೋದ ಕಡೆ ನೀವು ಹೋಗ್ಬೇಡಿ. ಇನ್ನೊಂದು ದಾರಿ ಹಿಡೀರಿ.”

ಆಕೆ ಸ್ಪ್ಯಾನರ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವನ ಮುಖ ನೋಡಿದಳು. “ಯಾಕೆ?”

“ಸುಮ್ನೆ. ನಿಮಗೋಸ್ಕರ,” ಎಂದವನೇ, ಇನ್ನೇನಾದರೂ ಕೇಳಿಬಿಟ್ಟಾಳೆಂಬ ಭಯಕ್ಕೆ ಪೆಡಲು ಒತ್ತಿ ಓಟ ಕಿತ್ತ.

ಕವಲಿನಲ್ಲಿ ಎಡಕ್ಕೆ ಅಂದವಾದ ಬಾಣ ಇಟ್ಟ. ಆಮೇಲೆ ನೆನಪಾಯಿತು: ಬಲದ ದಾರಿಯಲ್ಲಿ ತನ್ನ ಟೈರಿನ ಗುರುತು ಮೂಡಿದರೆ ಎಲ್ಲ ಬಯಲಾಗುತ್ತದೆ. ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ದಾರಿಬದಿಯ ಹುಲ್ಲಿಗಿಳಿದ. ಪೆಡಲು ಬೆನ್ನಿಗೆ ಗುದ್ದಿತು. ಮುಳ್ಳಿನ ಪೊದೆಯೊಂದು ಅಂಗಿಯ ತೋಳನ್ನು ಹಿಡಿದುಕೊಂಡಿತು. ಒಂದು ಕಾಲು ಕೆಸರಿಗಿಳಿದು, ಶೂ ಬಿಟ್ಟು ಮೇಲೆ ಬಂತು. ಶೂವನ್ನು ಆಮೇಲೆ ಕೈಹಾಕಿ ಎಳೆಯಬೇಕಾಯಿತು. ಗೇಟಿನಲ್ಲಿ ಮದುವಣಿಗನಂತಿದ್ದವನು ಚಿಕ್ಕ ಕೆರೆ ಮುಟ್ಟುವಾಗ ಕಳ್ಳತನಕ್ಕೆ ಹೋಗಿ ಪೆಟ್ಟು ತಿಂದು ಬಂದವನಂತಾಗಿದ್ದ.

ಆದರೂ ಮನಸ್ಸು ಹಗುರವಾಗಿತ್ತು. ನೀರು ಅಲುಗದೆ ಮಲಗಿತ್ತು. ದಡದಲ್ಲಿ ಒಂದು ಬಿಳಿ ಹಕ್ಕಿ ಒಂಟಿ ಕಾಲಲ್ಲಿ ನಿಂತಿತ್ತು. ಫ್ರೇಮಣ್ಣ ಬಟ್ಟೆ ಹಾಸಿ, ಕಾಫಿಯ ಫ್ಲಾಸ್ಕು, ಎರಡು ಕಪ್ಪು, ಎರಡು ತುಂಡು ಕೇಕು ಜೋಡಿಸಿಟ್ಟ. ಕಡೆಯ ಸಲ ಒಂದಿಷ್ಟು ಅಭ್ಯಾಸವಾಗಲೆಂದು ಆ ಮಾತನ್ನು ಹಕ್ಕಿಗೆ ಹೇಳಿದ. ಹಕ್ಕಿ ಹಾರಿಹೋಯಿತು. ಅವನೇನೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಜಲ್ಲಿ ಕರಕರ ಅಂದಿತು.

ತಿರುಗಿ ನೋಡಿದರೆ ಮತ್ತೆ ನಾಲಿಗೆ ಹಿಡಿದುಬಿಡುತ್ತದೆ. ಫ್ರೇಮಣ್ಣ ಕೆರೆಗೆ ಮುಖ ಮಾಡಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿದ: “ನೀವು ಹೋಗ್ಬೇಡಿ. ನಿಮ್ಮನ್ನ ನೋಡ್ದೆ ನನಗೆ ದಿನ ಹೋಗಲ್ಲ. ನನ್ನ ಮದುವೆ ಆಗ್ತೀರಾ?”

“ನನಗೆ ಆಗ್ಲೇ ಮದುವೆ ಆಗಿದೆಯಲ್ಲಪ್ಪಾ,” ಎಂದರು ಡ್ರಿಲ್ ಮಾಸ್ತರರು.

ಮೂವರೂ ನಿಂತಿದ್ದರು. ಬೇಕರಿ ಆಂಟಿ ಹಣೆ ಹಣೆ ಚಚ್ಚಿಕೊಂಡರು. “ಅಯ್ಯೋ ನಿನ್ನ! ಇಲ್ಲೇನ್ ಮಾಡ್ತಿದೀಯೋ? ಬಾಣ ಎಡಕ್ಕಿತ್ತಲ್ಲೋ!”

“ಎಡಕ್ಕಿದ್ರೆ ನೀವ್ಯಾಕೆ ಬಲಕ್ಕೆ ಬಂದ್ರಿ?” ಫ್ರೇಮಣ್ಣನಿಗೆ ಅಳುವೊಂದೇ ಬಾಕಿ.

“ನಿನಗೋಸ್ಕರ ಕಣೋ! ಅವಳು ಹೊರಟು ನಿಂತಿದಾಳೆ, ನೀನು ನೋಡಿದ್ರೆ ಬಾಯಿ ಬಿಡಲ್ಲ. ಇವತ್ತಾದ್ರೂ ಇಬ್ಬರನ್ನೂ ಅವರ ಪಾಡಿಗೆ ಬಿಡೋಣ, ಇವನ ಬಾಣ ಯಾವ ಕಡೆ ಇರುತ್ತೋ ಆ ಕಡೆ ನಾವು ತಲೆ ಹಾಕೋದೇ ಬೇಡ ಅಂತ ಮೂರೂ ಜನ ಮಾತಾಡ್ಕೊಂಡು ಬಂದಿದೀವಿ!”

“ನಿಮಗೆಲ್ಲ... ಹೇಗೆ ಗೊತ್ತಾಯ್ತು?”

“ಊರಿಗೆಲ್ಲ ಅಕ್ಕ ಆದವರನ್ನ ನೀವೊಬ್ರೇ ಅಕ್ಕ ಅನ್ನಲ್ಲ. ಇದನ್ನ ಕಂಡುಹಿಡಿಯೋಕೆ ರಕ್ತ ಪರೀಕ್ಷೆ ಬೇಕೇನ್ರೀ?” ಎಂದರು ಔಷಧಿ ಅಂಗಡಿಯವರು. “ಆ ಕೆಮ್ಮಿಗೆ ನನ್ನ ಹತ್ರ ಮದ್ದಿಲ್ಲ ಅಂತ ಸಿರಪ್ಪಿಗೂ ಅದು ನಿಲ್ಲದಾಗ್ಲೇ ಗೊತ್ತಾಗಿತ್ತು.”

“ಅಂದ್ರೆ ಅವರಿಗೂ ಗೊತ್ತಾ?”

“ಅವಳಿಗೊಬ್ಬಳಿಗೇ ಗೊತ್ತಿಲ್ಲ. ಅವಳಿಗೆ ಪುರುಸೊತ್ತೆಲ್ಲಿದೆ?” ಎಂದರು ಆಂಟಿ.

ಮಾಸ್ತರರು ಆಗಲೇ ಒಂದು ಕಪ್ಪಿಗೆ ಕಾಫಿ ಬಗ್ಗಿಸಿಕೊಂಡು, “ಎರಡೇ ಕಪ್ಪಾ?” ಎನ್ನುತ್ತಿದ್ದರು.

ಆಗ ಫ್ರೇಮಣ್ಣನ ತಲೆಗೆ ಹೊಳೆಯಿತು. ಆಕೆ ಕವಲಿಗೆ ಬರುತ್ತಾಳೆ. ಮೂವರ ಟೈರಿನ ಗುರುತು ಬಲಕ್ಕಿದೆ. ಎಲ್ಲರೂ ಹೋದ ಕಡೆ ಹೋಗಬೇಡಿ ಎಂದು ತಾನೇ ಹೇಳಿದ್ದೇನೆ. ಅಂದಮೇಲೆ ಆಕೆ ಎಡಕ್ಕೆ ಹೋಗಿದ್ದಾಳೆ, ಒಬ್ಬಳೇ ದೊಡ್ಡ ಕೆರೆಯ ಹತ್ತಿರ ಕಾಯುತ್ತಿದ್ದಾಳೆ!

“ಯಾರೂ ನನ್ನ ಹಿಂದೆ ಬರ್ಬೇಡಿ!” ಎಂದು ಕೂಗಿ ಸೈಕಲ್ ಹತ್ತಿದ. ಹುಟ್ಟಿದ ಮೇಲೆ ಅವನು ಅಷ್ಟು ಜೋರಾಗಿ ಮಾತಾಡಿದ್ದೇ ಇಲ್ಲ. ಅವಸರಕ್ಕೆ ಚೈನು ಕಳಚಿತು. ಕೂರಿಸಿದ. ಮತ್ತೆ ಕಳಚಿತು. ಕೈ, ಮುಖ, ಮೂಗಿನ ತುದಿಯವರೆಗೆ ಕಪ್ಪಾಯಿತು. ತಿರುವಿನಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದ, ಮಂಡಿ ತರಚಿತು. ಅದೇ ಮಂಡಿಯಲ್ಲಿ ತುಳಿದುಕೊಂಡು, ಬಾಯಲ್ಲಿ ಆ ಮಾತನ್ನೇ ಹೇಳಿಕೊಳ್ಳುತ್ತ ದೊಡ್ಡ ಕೆರೆ ಮುಟ್ಟುವ ಹೊತ್ತಿಗೆ ಸೂರ್ಯ ನೆತ್ತಿಗೇರಿದ್ದ.

ಆಕೆ ಬಿದ್ದ ಮರವೊಂದರ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟಿದ್ದಳು. ಪಕ್ಕದಿಂದ ಕಾಣುತ್ತಿದ್ದ ಆ ಮುಖದಲ್ಲಿ ಅಂಥ ನೆಮ್ಮದಿಯನ್ನು ಅವನು ಅಂಗಡಿಯಲ್ಲಿ ಎಂದೂ ಕಂಡಿರಲಿಲ್ಲ. ಕಂಡು ಅವನಿಗೂ ಧೈರ್ಯ ಬಂತು. ರೂಢಿಯಂತೆ ಒಮ್ಮೆ ಕೆಮ್ಮಿ ಬಾಯಿ ತೆರೆದ.

“ಅಣ್ಣನಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ,” ಎಂದಳು ಆಕೆ, ತಿರುಗದೆಯೇ.

ಫ್ರೇಮಣ್ಣನ ಬಾಯಿ ತೆರೆದೇ ಉಳಿಯಿತು.

“ಅಲ್ಲಿಗೆ ಹೋಗೋ ಆಸೆ ನನಗಿರಲಿಲ್ಲ. ಇಲ್ಲಿಂದ ಎಲ್ಲಾದ್ರೂ ಓಡಿಹೋದ್ರೆ ಸಾಕಾಗಿತ್ತು. ಬೆಳಗಾದ್ರೆ ಅಕ್ಕಾ ಚೈನು, ಅಕ್ಕಾ ಗಾಳಿ, ಅಕ್ಕಾ ಬ್ರೇಕು. ಭಾನುವಾರ ಕಾಡಿಗೆ ಬಂದ್ರೂ ಎಲ್ಲರ ಪಂಕ್ಚರ್ ಹಿಂದೆ ನಾನೇ. ಯಾರೂ ಇಲ್ದೆ ಸುಮ್ನೆ ಕೂತು ಎಷ್ಟು ವರ್ಷ ಆಯ್ತೋ ಏನೋ.” ಆಕೆ ಈಗ ತಿರುಗಿದಳು. ಕಣ್ಣು ತುಂಬಿತ್ತು. “ಅದು ಯಾರಿಗೂ ತಿಳೀಲಿಲ್ಲ. ಬಾಯಿ ಬಿಟ್ಟು ಹೇಳ್ದೇನೇ ನಿಮಗೊಬ್ಬರಿಗೆ ತಿಳೀತು. ಎಲ್ಲರನ್ನೂ ಆ ಕಡೆ ಕರ್ಕೊಂಡು ಹೋಗಿ ನನ್ನನ್ನ ಇಲ್ಲಿಗೆ ಒಬ್ಬಳೇ ಕಳಿಸಿದ್ರಿ. ಇಷ್ಟು ಹೊತ್ತು ನೀವೂ ಬರಲಿಲ್ಲ ನೋಡಿ, ಅದೇ ದೊಡ್ಡದು. ಬೇರೆ ಯಾರಾದ್ರೂ ಆಗಿದ್ರೆ ಬೆನ್ನ ಹಿಂದೇನೇ ಬಂದು, ನನ್ನಿಂದ ಏನೋ ಒಂದು ಕೇಳ್ತಾ ಇದ್ರು.”

ಗಂಟಲವರೆಗೆ ಬಂದಿದ್ದ ಮಾತನ್ನು ಫ್ರೇಮಣ್ಣ ಕಷ್ಟಪಟ್ಟು ನುಂಗಿದ. ಹೋಗುವುದಿಲ್ಲ, ಆಕೆ ಎಲ್ಲಿಗೂ ಹೋಗುವುದಿಲ್ಲ! ಕುಣಿಯಬೇಕೆನ್ನಿಸಿತು. ಅದೇ ಉಸಿರಿನಲ್ಲಿ ತಲೆ ತಲೆ ಚಚ್ಚಿಕೊಳ್ಳಬೇಕೆಂದೂ ಅನ್ನಿಸಿತು.

“ಹೌದು,” ಎಂದ ಮೆಲ್ಲಗೆ. “ಅದಕ್ಕೇ.”

“ಮುಂದಿನ ಭಾನುವಾರನೂ ಹೀಗೇ ಮಾಡ್ತೀರಾ?”

“ಮಾಡ್ತೀನಿ.”

“ಪ್ರತಿ ಭಾನುವಾರ?”

ಅಷ್ಟು ಆಸೆಯಿಂದ ಕೇಳಿದರೆ ಇಲ್ಲ ಅನ್ನುವುದಾದರೂ ಹೇಗೆ? ಫ್ರೇಮಣ್ಣ ತಲೆಯಾಡಿಸಿದ.

“ಹಾಗಾದ್ರೆ ಈಗ್ಲೂ ಒಂದು ಉಪಕಾರ ಮಾಡಿ,” ಎಂದು ಆಕೆ ಮಗುವಿನಂತೆ ನಕ್ಕಳು. “ಆ ಮೂವರು ಹುಡುಕ್ಕೊಂಡು ಬಂದ್ಬಿಡ್ತಾರೆ. ಹೋಗಿ ತಡೀರಿ. ಇನ್ನೊಂದು ಸ್ವಲ್ಪ ಹೊತ್ತು ಕೂತಿರ್ತೀನಿ.”

ಕವಲಿನಲ್ಲಿ ಮೂವರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಅವನನ್ನು ಕಂಡದ್ದೇ ಆಂಟಿ ಓಡಿಬಂದರು. “ಏನಂದ್ಳೋ?”

“ಹೋಗಲ್ವಂತೆ. ಇಲ್ಲೇ ಇರ್ತಾರಂತೆ.”

ಮಾಸ್ತರರು ಕಾಡು ನಡುಗುವಂತೆ ಸೀಟಿ ಊದಿದರು. ಔಷಧಿ ಅಂಗಡಿಯವರು ಅವನ ಕಪ್ಪಾದ ಕೈಯನ್ನೇ ಹಿಡಿದು ಕುಲುಕಿದರು. ಕಣ್ಣೊರೆಸಿಕೊಂಡು ದೊಡ್ಡ ಕೆರೆಯ ದಾರಿಗೆ ಸೈಕಲ್ ತಿರುಗಿಸಿದ ಆಂಟಿಗೆ ಆಗ ಏನೋ ತಟ್ಟಿತು.

“ಅಲ್ಲಾ ಕಣೋ, ಅವಳು ಅಲ್ಲಿದ್ರೆ ನೀನ್ಯಾಕೆ ಇಲ್ಲಿಗೆ ಬಂದೆ?”

ಫ್ರೇಮಣ್ಣ ತನ್ನ ಸೈಕಲ್ಲನ್ನು ದಾರಿಗೆ ಅಡ್ಡಲಾಗಿ ನಿಲ್ಲಿಸಿದ.

“ನಿಮ್ಮನ್ನ ಆ ಕಡೆ ಬಿಡದೇ ಇರೋಕೆ,” ಎಂದ. “ಇನ್ಮೇಲೆ ಪ್ರತಿ ಭಾನುವಾರ ನನಗದೇ ಕೆಲಸ.”