ದಫೇದಾರನ ಪ್ರೀತಿ

ಹೆಂಡತಿ: ಮಾತ್ರೆ ಇವತ್ತೇ ಶುರು ಮಾಡಬೇಕು ಅಂದರೆ ಇವತ್ತೇ!

ಬೇಕರಿಯವ: ಮುದಿ ನಾಯಿಗೆ ಯಾಕೆ ಇಷ್ಟು ಅವಸರ? ಅದರ ಪಾಡಿಗೆ ನೆಮ್ಮದಿಯಾಗಿರಲಿ ಬಿಡು.

ಹೆಂಡತಿ: ನೆಮ್ಮದಿಯಂತೆ! ಬಕೆಟ್ ನೀರೆಲ್ಲ ಕುಡಿದು, ಉಚ್ಚೆ ಹೊಯ್ದು ನಡುಮನೆಯಲ್ಲಿ ಕೆರೆ ಕಟ್ಟಿಸ್ತಾನೆ. ಅದರಲ್ಲಿ ಜಾರಿ ಬೀಳೋಳು ನಾನು. ನೆಮ್ಮದಿ ನಿಮಗೆ.

ಜಗಳಕ್ಕೆ ಕಾರಣನಾದ ದಫೇದಾರ ಡಾಕ್ಟರಮ್ಮನ ಉಕ್ಕಿನ ಮೇಜಿನ ಮೇಲೆ ಏದುಸಿರು ಬಿಡುತ್ತಾ ಕೂತಿದ್ದ. ಮರಿಯಾಗಿದ್ದಾಗ ಬೇಕರಿಯ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು ಬಂದವರನ್ನೆಲ್ಲ ತಪಾಸಣೆ ಮಾಡುತ್ತಿದ್ದದ್ದಕ್ಕೆ ಆ ಹೆಸರು. ಈಗ ಎದೆಯೆಲ್ಲ ಹೊಟ್ಟೆಗೆ ಇಳಿದಿತ್ತು. ಬೆನ್ನಿನ ಕೂದಲು ಅಲ್ಲಲ್ಲಿ ಉದುರಿ, ಹಳೇ ಕಾಲೊರಸಿನ ಹಾಗೆ ಕಾಣುತ್ತಿದ್ದ.

ಡಾಕ್ಟರಮ್ಮ: ಇಬ್ಬರೂ ಒಂದು ನಿಮಿಷ ಕೇಳಿ. ಮೂತ್ರಪಿಂಡದ ಪಕ್ಕ ಒಂದು ಸಣ್ಣ ಗ್ರಂಥಿ ಇರುತ್ತೆ. ಅದು ಹಾರ್ಮೋನನ್ನ ಜಾಸ್ತಿ ಸುರಿಸ್ತಿದೆ ಅಂತ ನನ್ನ ಅನುಮಾನ. ಅದು ಜಾಸ್ತಿ ಕೆಲಸ ಮಾಡಿದಾಗ...

ಬೇಕರಿಯವ: ಈ ವಯಸ್ಸಲ್ಲೂ ಅವನ ಮೈಯಲ್ಲಿ ಯಾವುದೋ ಒಂದು ಜಾಸ್ತಿ ಕೆಲಸ ಮಾಡ್ತಿದೆ ಅಂದರೆ ಖುಷಿ ಪಡೋ ವಿಷಯ ಅಲ್ವಾ?

ಹೆಂಡತಿ: ಅಂಗಡಿ ಮುಚ್ಚಿ ಬಂದಿರೋದು ಜೋಕು ಹೊಡೆಯೋಕಲ್ಲ.

ಜೋಕು ಹೊಡೆದವನ ಅಂಗೈ ಬೆವರಿದ್ದು ಅವಳಿಗೆ ಕಾಣಲಿಲ್ಲ. ಸೂಜಿ, ಪರೀಕ್ಷೆ, ಜೀವನಪೂರ್ತಿ ಮಾತ್ರೆ ಎಂಬ ಮಾತುಗಳು ಕಿವಿಗೆ ಬಿದ್ದಾಗಿನಿಂದ ಅವನು ಬಾಗಿಲ ಕಡೆಗೇ ನೋಡುತ್ತಿದ್ದ. ಔಷಧ ಶುರುವಾಯಿತು ಅಂದರೆ ನಾಯಿ ಹೋಗುವ ದಾರಿ ಹಿಡಿಯಿತು ಎಂದೇ ಅವನ ಲೆಕ್ಕ. ಅದನ್ನು ಬಾಯಿಬಿಟ್ಟು ಹೇಳುವ ಗಂಡಸು ಅವನಲ್ಲ.

ಡಾಕ್ಟರಮ್ಮ: ಹಸಿವು ಹೇಗಿದೆ?

ಬೇಕರಿಯವ: ಬೆಳಗ್ಗೆ ತಿಂಡಿ ಆದಮೇಲೆ ಸ್ವಲ್ಪ ಕಮ್ಮಿ.

ಡಾಕ್ಟರಮ್ಮ: ನಿಮ್ಮದಲ್ಲ, ನಾಯಿಯದು.

ಹೆಂಡತಿ: ಹಿಟ್ಟಿನ ಚೀಲಾನೂ ಬಿಡಲ್ಲ. ಕಳ್ಳ, ಹೊಟ್ಟೆಬಾಕ ಅಂತ ದಿನಾ ಬೈತಿದ್ದೆ. ರೋಗ ಅಂತ ಯಾರಿಗೆ ಗೊತ್ತಿತ್ತು?

ಅವಳು ನಾಯಿಯ ತಲೆ ಸವರಲು ಕೈಚಾಚಿದಳು. ದಫೇದಾರ ಮಾತ್ರ ಇವರ ಕಷ್ಟಸುಖ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಕತ್ತು ಚಾಚಿ ಬೇಕರಿಯವನ ಮುಂಗೈಯನ್ನು ಲೊಚಲೊಚ ನೆಕ್ಕತೊಡಗಿದ.

ಬೇಕರಿಯವ: ನೋಡಿದ್ರಾ ಡಾಕ್ಟ್ರೇ? ಇಷ್ಟು ಸಂಕಟದಲ್ಲೂ ನನ್ನ ಕೈ ಬಿಡಲ್ಲ. ಪ್ರೀತಿ ಅಂದರೆ ಇದು.

ಹೆಂಡತಿ: ಬಟ್ಟಲು ತುಂಬಿಸೋಳು ನಾನು, ಸ್ನಾನ ಮಾಡಿಸೋಳು ನಾನು. ನನ್ನ ಕೈ ಮೂಸಿ ಕೂಡ ನೋಡಲ್ಲ.

ಬೇಕರಿಯವ: ಪ್ರೀತಿ ಕೇಳಿ ಪಡೆಯೋದಲ್ಲ ಕಣೇ.

ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು. ಅವಳು ನೋಡುತ್ತಿದ್ದದ್ದು ನಾಯಿಯನ್ನಲ್ಲ.

ಡಾಕ್ಟರಮ್ಮ: ಕೈಗೆ ಏನು ಹಚ್ಚಿದ್ದೀರಿ?

ಬೇಕರಿಯವ: ನನಗೇನಾಗಿದೆ? ರೋಗಿ ಅವನು.

ಡಾಕ್ಟರಮ್ಮ: ಹೊಳೀತಿದೆ. ಕೆಂಪಗಾಗಿದೆ.

ಬೇಕರಿಯವ: ಓ, ಅದಾ? ಹಿಟ್ಟು ನಾದಿ ನಾದಿ ಮೊಳಕೈತನಕ ತುರಿ. ಅದಕ್ಕೊಂದು ಮುಲಾಮು.

ಡಾಕ್ಟರಮ್ಮ: ಇವನು ಹೀಗೆ ನೆಕ್ತಿರೋದು ಎಷ್ಟು ದಿನದಿಂದ?

ಬೇಕರಿಯವ: ಮರಿಯಾಗಿದ್ದಾಗಿನಿಂದಾನೂ ಅವನಿಗೆ ನಾನಂದರೆ ಪ್ರಾಣ.

ಹೆಂಡತಿ: ಸುಳ್ಳು! ನೆಕ್ಕೋದು ಶುರುವಾಗಿದ್ದು ಹೋದ ವರ್ಷ. ಆ ಮುಲಾಮು ತಂದಮೇಲೇ.

ಮೂವರೂ ಆ ಕೈಯನ್ನೇ ನೋಡಿದರು. ಬೇಕರಿಯವ ಜೇಬಿಗೆ ಕೈಹಾಕಿ ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬ್ ತೆಗೆದುಕೊಟ್ಟ. ಡಾಕ್ಟರಮ್ಮ ಅದರ ಮೇಲಿನ ಚಿಕ್ಕ ಅಕ್ಷರ ಓದಿ, ನಾಯಿಯ ಮೂತಿಯನ್ನು ಮೆಲ್ಲಗೆ ಆಚೆ ಸರಿಸಿದಳು.

ಡಾಕ್ಟರಮ್ಮ: ಇದರಲ್ಲಿ ಸ್ಟೀರಾಯ್ಡ್ ಇದೆ, ಅಂದರೆ ಆ ಹಾರ್ಮೋನಿನ ಥರದ್ದೇ ಔಷಧ. ದಿನಾ ಹೊಟ್ಟೆಗೆ ಹೋದರೆ ಇವನಿಗಿರೋ ಎಲ್ಲ ಲಕ್ಷಣಾನೂ ಬರಬಹುದು. ರಕ್ತ ಪರೀಕ್ಷೆ ಮಾಡಿ ಖಾತ್ರಿ ಮಾಡ್ಕೋತೀನಿ. ಆದರೆ ಅಮ್ಮ, ನೀವು ಹಟ ಹಿಡಿದ ಮಾತ್ರೆ ಆ ಗ್ರಂಥಿಯನ್ನ ಅಡಗಿಸೋದು. ಅದನ್ನ ಇವತ್ತೇ ಕೊಟ್ಟಿದ್ದರೆ ಅವನ ಜೀವಕ್ಕೇ ಕುತ್ತಾಗ್ತಿತ್ತೇನೋ.

ಬೇಕರಿಯವ: ಕೇಳಿಸ್ತಾ? ಹಾಗೇ ಬಿಟ್ಟುಬಿಡು ಅಂತ ನಾನು ಬಡ್ಕೊಂಡೆ!

ಡಾಕ್ಟರಮ್ಮ: ಹಾಗೇ ಬಿಟ್ಟಿದ್ದರೆ ನೀವೇ ದಿನಾ ವಿಷ ಉಣಿಸ್ತಿದ್ರಿ. ಈಗ ಥಟ್ಟನೆ ನಿಲ್ಲಿಸೋ ಹಾಗೂ ಇಲ್ಲ, ಅವನ ಸ್ವಂತ ಗ್ರಂಥಿ ನಿದ್ದೆಗೆ ಜಾರಿರುತ್ತೆ. ಅದು ಏಳೋವರೆಗೂ ಅಳತೆ ಮಾಡಿ ನಾನೇ ಔಷಧ ಕೊಟ್ಟು ಇಳಿಸ್ತಾ ಬರ್ತೀನಿ. ನೀವು ತುಂಬುತೋಳಿನ ಅಂಗಿ ಹಾಕಿ. ಸತ್ಯ ಹೇಳಲಾ? ಅವನನ್ನ ಉಳಿಸಿದ್ದು ನಿಮ್ಮ ಜಗಳ. ಹೊಂದಿಕೊಂಡು ಬರೋ ಗಂಡಹೆಂಡಿರಾಗಿದ್ದರೆ ನನಗೆ ಇದು ಗೊತ್ತೇ ಆಗ್ತಿರಲಿಲ್ಲ.

ದಾರಿಯುದ್ದಕ್ಕೂ ಬೇಕರಿಯವ ತನ್ನ ಮುಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನಾಯಿ ಬದುಕುತ್ತದೆ ಎಂಬ ಸಂತೋಷದ ಅಡಿಯಲ್ಲಿ ಒಂದು ಮುಳ್ಳು ಮುರಿದುಕೊಂಡಿತ್ತು.

ಹೆಂಡತಿ: ಏನು ಯೋಚನೆ?

ಬೇಕರಿಯವ: ಒಂದು ವರ್ಷ ಪೂರ್ತಿ ಅವನು ಪ್ರೀತಿಸಿದ್ದು ಮುಲಾಮನ್ನ.

ಅವಳು ನಗುವುದಕ್ಕೆ ಬಾಯಿ ತೆರೆದವಳು ಅವನ ಮುಖ ನೋಡಿ ಹಾಗೇ ಮುಚ್ಚಿಕೊಂಡಳು.

ವಾರಗಳು ಉರುಳಿದವು. ರಕ್ತ ಪರೀಕ್ಷೆ ಡಾಕ್ಟರಮ್ಮನ ಮಾತನ್ನೇ ಹೇಳಿತು. ನಡುಮನೆಯ ಕೆರೆ ಬತ್ತಿತು, ಬೆನ್ನ ಮೇಲೆ ಎಳೆ ಕೂದಲು ಚಿಗುರಿತು. ಬೇಕರಿಯವ ಸೆಕೆಯಲ್ಲೂ ಮಣಿಕಟ್ಟಿನವರೆಗೆ ಗುಂಡಿ ಹಾಕಿಕೊಂಡು ಓಡಾಡಿದ. ದಫೇದಾರ ಅವನ ತೋಳು ಮೂಸಿ, ಏನೂ ಸಿಗದೆ, ಮುಖ ತಿರುಗಿಸಿ ಹೋಗುತ್ತಿದ್ದ. ಪ್ರತಿ ಸಲವೂ ಮನುಷ್ಯ ಚೂರು ಕುಗ್ಗುತ್ತಿದ್ದ.

ಒಂದು ಸಂಜೆ ಅವನು ಅಂಗಡಿ ಮುಚ್ಚಿ ಬಂದು ಕುರ್ಚಿಗೆ ಒರಗಿದ್ದಾಗ, ನಾಯಿ ಅವಳ ಪಕ್ಕದಿಂದ ಎದ್ದು ಬಂತು. ಮುಂಗಾಲೆರಡನ್ನೂ ಅವನ ಮೊಣಕಾಲ ಮೇಲಿಟ್ಟು ಗಲ್ಲ ನೆಕ್ಕಿತು.

ಬೇಕರಿಯವ: ನೋಡಿದೆಯಾ! ನೋಡಿದೆಯೇನೇ!

ಹೆಂಡತಿ: ಗಡ್ಡದಲ್ಲಿ ಸಕ್ಕರೆ ಪುಡಿ ಇದೆ. ಒರೆಸ್ಕೊಳ್ಳಿ ಮೊದಲು.

ಅವನು ಎದ್ದುಹೋಗಿ ಸೋಪು ಹಚ್ಚಿ ಮುಖ ತೊಳೆದು, ಒರೆಸಿಕೊಂಡು, ಎದೆ ಡವಗುಟ್ಟುತ್ತಾ ಬಂದು ಕೂತ. ನಾಯಿ ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಹಣೆಯಿಂದ ಗಲ್ಲದವರೆಗೆ ಸಾವಕಾಶವಾಗಿ ನೆಕ್ಕಿ, ಅವನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿತು.

ಬೇಕರಿಯವ: ಈಗೇನು ಹೇಳ್ತೀಯಾ?

ಅವಳು ಇಬ್ಬರನ್ನೂ ನೋಡಿದಳು.

ಹೆಂಡತಿ: ಪಾಪ, ವಯಸ್ಸಾಯ್ತಲ್ಲ. ರುಚಿ ಗೊತ್ತಾಗಲ್ಲ ಅನ್ಸುತ್ತೆ.