ಸ್ವಂತ ಮೂಗು

ಕನ್ನಡಕದಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಕೂರಿಸುವುದು ಅವಳ ಕೆಲಸ. ಅವಳ ಸ್ವಂತ ಮೂಗಿನ ಮೇಲಂತೂ ಎಂಥ ಫ್ರೇಮೂ ಜಾರುತ್ತಿರಲಿಲ್ಲ. ನಡುವೆ ಒಂದು ದಿಣ್ಣೆ, ಅದನ್ನಿಳಿದರೆ ಎಡಕ್ಕೊಂದು ತಿರುವು. ಆ ದಿನ ಬೆಳಿಗ್ಗೆ ಯಜಮಾನರು ಅವಳಿಗೆ ಹೊಸ ಫ್ರೇಮು ಹಾಕಿಸಿ, ಪಕ್ಕದಿಂದ ಫೋಟೋ ತೆಗೆದು ಅಂಗಡಿಯ ಆನ್‌ಲೈನ್ ಪುಟಕ್ಕೆ ಏರಿಸಿಬಿಟ್ಟರು.

ಅವಳು ಶೋಕೇಸು ಒರೆಸಿ ಮುಗಿಸುವಷ್ಟರಲ್ಲಿ ಮೊದಲ ಕಾಮೆಂಟು ಬಂದಿತ್ತು: "ಮೂಗು ಬಂತು. ಹುಡುಗಿ ಯಾವಾಗ ಬರ್ತಾಳೆ?"

ಅವಳು ಒರೆಸಿದ ಶೋಕೇಸನ್ನೇ ಮತ್ತೆ ಒರೆಸತೊಡಗಿದಳು.

"ತಲೆ ಕೆಡಿಸ್ಕೋಬೇಡ ಕಣೇ, ನಾನು ಸರಿಯಾಗೇ ಉತ್ತರ ಕೊಟ್ಟಿದ್ದೀನಿ" ಎಂದಳು ಕ್ಯಾಶಿನಲ್ಲಿ ಕೂರುವ ಅಕ್ಕ. ಅವಳ ಉತ್ತರ ಹೀಗಿತ್ತು: "ಮೂಗು ದೊಡ್ಡದಾದ್ರೇನು, ಹುಡುಗಿ ಮನಸ್ಸು ಚಿನ್ನ."

ಹಿಂದಿನ ಕೋಣೆಯಲ್ಲಿ ಲೆನ್ಸು ಉಜ್ಜುವ ಅಣ್ಣನೂ ಸುಮ್ಮನಿರಲಿಲ್ಲ. "ಪಕ್ಕದಿಂದ ತೆಗೆದದ್ದೇ ತಪ್ಪು. ಹೋಲಿಸಿ ನೋಡ್ಲಿ ಅಂತ ಕೆಳಗಿನಿಂದ ತೆಗೆದ ಒಂದು ಫೋಟೋನೂ ಹಾಕಿದ್ದೀನಿ." ಅದರಲ್ಲಿ ಅವಳ ಹೊಳ್ಳೆಗಳು ರೈಲು ನುಗ್ಗಿ ಹೋಗುವ ಸುರಂಗಗಳಂತಿದ್ದವು. ಜನ ಆಗಲೇ ಟಿಕೆಟ್ ಕೇಳತೊಡಗಿದ್ದರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡಮ್ಮನೂ ಬರೆದಳು: "ಇದು ನಮ್ಮ ಕಡೆ ಮೂಗಲ್ಲ, ಅವರಪ್ಪನ ಕಡೇದು."

"ಇಷ್ಟು ಜನ ನಮ್ಮ ಪುಟ ಯಾವತ್ತೂ ನೋಡಿರ್ಲಿಲ್ಲ!" ಎಂದು ಯಜಮಾನರು ಕುಣಿದಾಡಿದರು. "ನಾಳೆ ಇನ್ನೊಂದು ಫ್ರೇಮು ಹಾಕ್ಕೋಮ್ಮ."

ಅವಳು ತಲೆನೋವೆಂದು ಹೇಳಿ ಹೊರಬಿದ್ದವಳು ನೆಟ್ಟಗೆ ಪ್ಲಾಸ್ಟಿಕ್ ಸರ್ಜರಿ ಮಾಡುವ ಡಾಕ್ಟರಮ್ಮನ ಮುಂದೆ ಹೋಗಿ ಕೂತಳು. ಫೋನಿನಲ್ಲಿ ತಾನು ದಿನವೂ ನೋಡಿ ನಿಟ್ಟುಸಿರು ಬಿಡುತ್ತಿದ್ದ, ಲಕ್ಷಾಂತರ ಅಭಿಮಾನಿಗಳ ಚೆಲುವೆಯೊಬ್ಬಳ ಫೋಟೋ ತೋರಿಸಿದಳು.

"ಮೇಡಂ, ನನಗೆ ಈ ಮೂಗು ಬೇಕು."

"ಇದಾ? ನಾನೇ ಮಾಡಿದ್ದು" ಎಂದರು ಡಾಕ್ಟರಮ್ಮ. "ಆದ್ರೆ ಈಗ ಇದು ಅವರ ಹತ್ರಾನೇ ಇಲ್ವಲ್ಲ."

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆಯಿತು. ಕೈಗನ್ನಡಿ ನೋಡಿಕೊಳ್ಳುತ್ತ ಆ ಚೆಲುವೆಯೇ ಬಂದಳು. ನಮ್ಮ ಹುಡುಗಿ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದಳು. ಅದೇ ದಿಣ್ಣೆ! ಅದೇ ಎಡ ತಿರುವು! ನಿದ್ದೆಯಲ್ಲಿದ್ದಾಗ ಯಾರೋ ತನ್ನ ಮೂಗನ್ನು ಬಿಚ್ಚಿ ಅವಳಿಗೆ ಅಂಟಿಸಿದಂತಿತ್ತು.

"ಎಲ್ಲರೂ ನನ್ನ ಹಳೇ ಮೂಗನ್ನೇ ಮಾಡಿಸ್ಕೊಂಡ್ಬಿಟ್ರು" ಎನ್ನುತ್ತಿದ್ದಳು ಚೆಲುವೆ. "ನನ್ನ ತಮ್ಮನೇ ಇನ್ಯಾರ್ದೋ ಫೋಟೋಗೆ ‘ಅಕ್ಕ, ಸೂಪರ್’ ಅಂತ ಬರೆದಿದ್ದ. ಸದ್ಯ, ಈಗ ಯಾರಿಗೂ ಇಲ್ಲದ..." ಕನ್ನಡಿಯಿಂದ ತಲೆಯೆತ್ತಿದವಳು ಕಿಟಾರನೆ ಕಿರುಚಿದಳು. "ಮೇಡಂ! ಯಾರಿಗೂ ಇಲ್ಲ ಅಂದಿದ್ರಿ!"

ಹುಡುಗಿ ಚೀಲ ಎತ್ತಿಕೊಂಡು ಓಡಿದಳು. ಬಸ್ಸು ಸಿಕ್ಕಿ, ಕಿಟಕಿಯ ಪಕ್ಕ ಕೂತ ಮೇಲೆ ಗಾಜಿನಲ್ಲಿ ತನ್ನ ಮುಖ ಕಂಡಿತು. ಬುದ್ಧಿ ಬಂದಾಗಿನಿಂದ ಆ ಮೂಗನ್ನು ಬೈದದ್ದೇ ಬೈದದ್ದು. ನೆಗಡಿ ಬಂದಾಗಲೂ ಅದನ್ನು ಕನಿಕರದಿಂದ ಒರೆಸಿದವಳಲ್ಲ. ಬೆರಳಲ್ಲಿ ಮೆಲ್ಲಗೆ ಸವರಿದಳು. ಪಾಪ ಅನ್ನಿಸಿತು. ಪಕ್ಕಕ್ಕೆ ತಿರುಗಿ ಫೋಟೋ ತೆಗೆದು, "ಇದು ನನ್ನ ಮೂಗು. ಇನ್ಮೇಲೆ ಬೈಯಲ್ಲ" ಎಂದು ಬರೆದು ಹಾಕಿದಳು. ಎದೆ ಹಗುರಾಯಿತು.

ಇಳಿಯುವ ಸ್ಟಾಪು ಬರುವಷ್ಟರಲ್ಲಿ ಫೋನು ಕುದಿಯುವ ಪಾತ್ರೆಯ ಮುಚ್ಚಳದಂತೆ ಅದುರುತ್ತಿತ್ತು. ಚೆಲುವೆಯೂ ತನ್ನ ಹೊಸ ಮುಖವನ್ನು ಆಗಷ್ಟೇ ಲೋಕಕ್ಕೆ ತೋರಿಸಿದ್ದಳು. ಅವಳ ಅಭಿಮಾನಿಗಳೆಲ್ಲ ನಮ್ಮ ಹುಡುಗಿಯ ಫೋಟೋದ ಕೆಳಗೆ ಮುಗಿಬಿದ್ದಿದ್ದರು.

"ನಾಚಿಕೆ ಇಲ್ಲದವಳು, ಕಾಪಿ ಹೊಡೆದಿದ್ದಾಳೆ!"

"ಇವಳ ಡಾಕ್ಟರು ಅಷ್ಟಕ್ಕಷ್ಟೇ. ತಿರುವು ಜಾಸ್ತಿ ಆಗಿದೆ."

"ಹುಟ್ಟಿದಾಗಿನ ಮೂಗಿಗೆ ಏನಾಗಿತ್ತಮ್ಮಾ?"

"ಇದೇ ಕಣ್ರೋ ಅದು!" ಎಂದು ಅವಳು ಬಸ್ಸಿನಲ್ಲೇ ಕೂಗಿದಳು. ಪಕ್ಕದಲ್ಲಿ ಕೂತಿದ್ದವರು ಎದ್ದು ನಿಂತರು.

ಮನೆಯ ಬಾಗಿಲಲ್ಲಿ ಅಮ್ಮ ಫೋನು ಹಿಡಿದು ನಿಂತಿದ್ದಳು. ಮಗಳ ಗಲ್ಲ ಹಿಡಿದು, ದೀಪದ ಬೆಳಕಿಗೆ ತಿರುಗಿಸಿ, ಮೂಗನ್ನು ಆಚೆಯಿಂದ ಈಚೆಯಿಂದ ನೋಡಿದಳು.

"ಹೊಲಿಗೆ ಎಲ್ಲೇ ಹಾಕಿದ್ದಾರೆ?"

"ಅಮ್ಮಾ! ಇದು ನೀನೇ ಹೆತ್ತ ಮೂಗು!"

"ಅದೇ ನಾನೂ ಹೇಳೋದು" ಎಂದಳು ಅಮ್ಮ, ಕಣ್ಣರಳಿಸಿ. "ಹೆತ್ತವಳಿಗೇ ಗೊತ್ತಾಗದ ಹಾಗೆ ಮಾಡಿದ್ದಾರಲ್ಲ! ಯಾವ ಡಾಕ್ಟರೇ?"