ಕುರಿ ಬೆನ್ನಿನ ಉಂಗುರಕ್ಕೆ ನಾನು ಹಾಕಿದ ಅರ್ಜಿ

ಅರ್ಜಿ ಎಂದರೆ ಹೆದರುವ ಆಸಾಮಿ ನಾನಲ್ಲ. ಕಾಲುವೆ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ಕುಳಿತವನು. ನೀರು ಬರಲಿಲ್ಲವೆಂಬ ಅರ್ಜಿ, ನೀರು ಮನೆಯೊಳಗೇ ಬಂತೆಂಬ ಅರ್ಜಿ, ನಮ್ಮ ನೀರನ್ನು ಮೇಲಿನ ಹೊಲದವನು ಕದ್ದನೆಂಬ ಅರ್ಜಿ, ಎಲ್ಲವನ್ನೂ ಅರೆದು ಕುಡಿದಿದ್ದೇನೆ. ಪತ್ರ ಎಷ್ಟೇ ಉದ್ದ ಇರಲಿ, ಮೊದಲ ಪುಟ ನೋಡಿದರೆ ನನಗೆ ಸಾಕು. ನಿವೃತ್ತನಾಗಿ ದೇವಾಪುರದ ಮನೆಯಲ್ಲಿ ಕುಳಿತ ಮೇಲೆ ಈ ವಿದ್ಯೆಗೆ ಕೆಲಸವೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಹೆಂಡತಿ ಮಾಳಮ್ಮ ಕೆಂಭಾವಿ ಸಂತೆಯಿಂದ ಕೆಂಡವಾಗಿ ಬಂದಳು.

ಮಾಳಮ್ಮ ಕಂಬಳಿ ಮಾರುತ್ತಾಳೆ. ನಮ್ಮ ಮನೆಯ ಮೂವತ್ತು ನಲವತ್ತು ಕುರಿಗಳ ಉಣ್ಣೆ ಅವಳೇ ನೂಲುತ್ತಾಳೆ, ಊರಿನ ನೇಕಾರರ ಕೈಯಲ್ಲಿ ನೇಯಿಸುತ್ತಾಳೆ. ಪ್ರತಿ ಕಂಬಳಿಯ ಮೂಲೆಯಲ್ಲಿ ಕೆಂಪು ದಾರದಿಂದ ಒಂದು ಉಂಗುರ, ಪಕ್ಕದಲ್ಲಿ ಎರಡು ಗೆರೆ. ನಮ್ಮ ಕುರಿಗಳ ಬೆನ್ನ ಮೇಲೆ ಕೆಮ್ಮಣ್ಣಿನಲ್ಲಿ ಬರೆಯುವ ಗುರುತೂ ಅದೇ. ಬೇಸಿಗೆಯಲ್ಲಿ ಕಾಲುವೆ ಏರಿಯ ಮೇಲೆ ಹತ್ತು ಮನೆಯ ಹಿಂಡುಗಳು ಕಲೆತು ಒಂದಾದಾಗ ಯಾರ ಕುರಿ ಯಾವುದೆಂದು ಹೇಳುವುದು ಬೆನ್ನ ಮೇಲಿನ ಗುರುತೇ ಹೊರತು ಕುರಿಯ ಮುಖವಲ್ಲ.

“ಅಲ್ರಿ, ಸಂತ್ಯಾಗ ಒಬ್ಬಾಂವ ಮಿಷನ್ ಕಂಬಳಿ ಮಾರಾಕತ್ತಾನ,” ಎಂದು ಮಾಳಮ್ಮ ಗಂಟು ಕೆಳಗಿಟ್ಟಳು. “ಮೂಲ್ಯಾಗ ನಮ್ಮ ಉಂಗರ, ನಮ್ಮ ಎರಡು ಗೆರಿ. ಒಂದು ಮಳಿ ತಡಿಯಂಗಿಲ್ಲ ಅದು. ತಗೊಂಡೋರು ಬಂದು, ಏನವ್ವಾ ನಿನ್ನ ಕಂಬಳಿ ಹಿಂಗಾತು ಅಂತ ನನ್ನ ಮುಂದ ಒಗದು ಹೋಗ್ಯಾರ. ನನ್ನ ಹೆಸರು ಹೋತು.”

“ನೀ ಸುಮ್ನಿರು. ನಾನಿದ್ದೇನಿ,” ಎಂದೆ.

ಈ ಮಾತು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಆದ ದಾಖಲೆ ಇಲ್ಲ. ಗುರುತನ್ನು ಟ್ರೇಡ್‌ಮಾರ್ಕ್ ಅಂತ ಸರ್ಕಾರದಲ್ಲಿ ದಾಖಲು ಮಾಡಿಸಿದರೆ ಆ ವ್ಯಾಪಾರಿಯ ಬಾಯಿ ಮುಚ್ಚುತ್ತದೆಂದು ಎಲ್ಲೋ ಓದಿದ್ದೆ. ಮಾಳಮ್ಮ ಇನ್ನೂ ಏನೋ ಹೇಳುತ್ತಿದ್ದಳು. ನಾನು ಆಗಲೇ ಮನಸ್ಸಿನಲ್ಲಿ ‘ಮಾನ್ಯರೇ’ ಎಂದು ಶುರು ಮಾಡಿದ್ದೆ. ಅವಳು ಹೇಳಿದ್ದಕ್ಕೆಲ್ಲ “ಹೂಂ, ಹೂಂ” ಎಂದೆ.

ಹದಿನೈದು ದಿನ ಕರಡು ತಿದ್ದಿ, ಸುರಪುರದ ರಾಜಾಸಾಬನ ಕಂಪ್ಯೂಟರ್ ಅಂಗಡಿಗೆ ಹೋದೆ. ರಾಜಾಸಾಬ ಹಿಂದೆ ನಮ್ಮ ಕಚೇರಿಯಲ್ಲೇ ಟೈಪಿಸ್ಟ್ ಆಗಿದ್ದವನು. ನನ್ನ ಆರು ಪುಟದ ಕರಡು ನೋಡಿ ತಲೆ ಕೆರೆದುಕೊಂಡ.

“ಸಾಹೇಬ್ರ, ಇದು ಈಗ ಕಾಗದದಾಗ ನಡಿಯಂಗಿಲ್ರಿ. ಎಲ್ಲಾ ಆನ್‌ಲೈನ್. ಗುರ್ತಿನ ಚಿತ್ರ ಹಾಕಿದ್ರ ಮಿಷನ್ನೇ ನೋಡ್ತದ. ಎಐ ಅಂತಾರಲ್ಲ, ಅದು. ದೇಶದಾಗಿನ ಗುರ್ತು ಎಲ್ಲಾ ಜಾಲಾಡಿ, ಅಂಥಾದು ಮೊದ್ಲ ಯಾರ್ದರ ಅದೇನು ಅಂತ ತೋರಸ್ತದ.”

“ತೋರಸ್ಲಿ. ನನಗೇನು ಅಂಜಿಕಿ?”

“ಅಂಜಿಕಿ ಅಲ್ರಿ. ಚಿತ್ರ ಹಾಕೂದ್ಕಿಂತ ಮೊದ್ಲ ಮನ್ಯಾಗ ಒಮ್ಮಿ ಕೇಳ್ರಿ.”

“ಮನ್ಯಾಗ ಕೇಳಿ ಅರ್ಜಿ ಬರಿಯೋ ಗುಮಾಸ್ತನ್ನ ನೀ ಎಲ್ಲಿ ನೋಡೀಪಾ?” ಎಂದು ಗದರಿಸಿದೆ. ರಾಜಾಸಾಬ ಬಾಯಿ ಮುಚ್ಚಿಕೊಂಡ. ಅವತ್ತು ಅವನ ಬಾಯಿ ಮುಚ್ಚಿಸಿದ್ದಕ್ಕೆ ನನಗೆ ಬಹಳ ಹೆಮ್ಮೆಯಾಗಿತ್ತು.

ಗುರುತಿನ ಚಿತ್ರ ಬೇಕಲ್ಲ! ಮೂಲ ದಾಖಲೆಯೇ ಇರುವಾಗ ನಕಲು ಯಾಕೆಂದು ಮರುದಿನ ಬೆಳಿಗ್ಗೆ ಮೊಬೈಲ್ ಹಿಡಿದು ಕುರಿ ಹಟ್ಟಿಗೆ ಇಳಿದೆ. ಕುರಿಗಳಿಗೆ ಸರ್ಕಾರಿ ಕೆಲಸದ ಗಾಂಭೀರ್ಯ ತಿಳಿಯಲಿಲ್ಲ. ನಾನು ಬೆನ್ನಿನ ಕಡೆ ಹೋದರೆ ಅವು ಮುಖ ತಿರುಗಿಸುತ್ತಿದ್ದವು. ಕುಳಿತು ತೆಗೆಯಲು ನೋಡಿದಾಗ ದೊಡ್ಡ ಟಗರು ಹಿಂದಿನಿಂದ ಬಂದು ಗುಮ್ಮಿತು. ನಾನು ಹಿಕ್ಕೆಯ ಮೇಲೆ ಅಂಗಾತ ಬಿದ್ದೆ. ಬೀಳುವಾಗ ಬೆರಳು ಒತ್ತಿ ಒಂದು ಫೋಟೋ ತಾನೇ ಬಂತು. ಅದರಲ್ಲಿ ಒಂದು ಕುರಿ ಪೂರ್ತಿ, ಅದರ ಬೆನ್ನಿನ ಉಂಗುರ ಅರ್ಧ, ಮೇಲೆದ್ದ ನನ್ನ ಒಂದು ಕಾಲು. ಅವತ್ತಿನ ಫೋಟೋಗಳಲ್ಲಿ ಅದೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು.

ರಾಜಾಸಾಬ ಅದನ್ನು ಹುಡುಕುವ ಯಂತ್ರಕ್ಕೆ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ತುಂಬ ಕುರಿಗಳು. ಸ್ವೆಟರಿನ ಕುರಿ, ಮಸಾಲೆ ಪೊಟ್ಟಣದ ಕುರಿ, ಹಲ್ಲು ಕಿಸಿಯುವ ಕುರಿ. ಕೊನೆಯಲ್ಲಿ ಎರಡು ಚಪ್ಪಲಿ ಕಂಪನಿಗಳ ಗುರುತು.

“ಚಪ್ಪಲ್ ಯಾಕ ಬಂತು?”

“ನಿಮ್ಮ ಕಾಲು ಬಂದದಲ್ರಿ ಫೋಟೋದಾಗ. ಮಿಷನ್ ಏನ್ ಕೊಟ್ಟೀರಿ ಅದನ್ನ ನೋಡ್ತದ. ಬಿಳಿ ಹಾಳಿ ಮ್ಯಾಲ ಉಂಗುರ ಬರ್ದು ಕೊಡ್ರಿ, ಇನ್ನೊಮ್ಮಿ ಹುಡುಕೂಣು.”

ಬಿಳಿ ಹಾಳೆಯ ಮೇಲೆ ಉಂಗುರವನ್ನೂ ಎರಡು ಗೆರೆಯನ್ನೂ ಬರೆದುಕೊಟ್ಟೆ. ಆದರೆ ಮತ್ತೊಮ್ಮೆ ಹುಡುಕಲು ಒಪ್ಪಲಿಲ್ಲ. ಇಡೀ ದೇಶ ಜಾಲಾಡಿದರೂ ಬರೀ ಕುರಿ ಸಿಕ್ಕವು, ಒಂದೂ ಉಂಗುರ ಸಿಗಲಿಲ್ಲ. ಅಂದ ಮೇಲೆ ನಮ್ಮ ಗುರುತು ಯಾರ ಹತ್ತಿರವೂ ಇಲ್ಲ. ಇದು ನನ್ನ ವಾದ. ನಾನು ಕೊಟ್ಟದ್ದೇ ಕುರಿ, ಅದಕ್ಕೇ ಕುರಿ ಸಿಕ್ಕವು ಎಂಬ ಸಣ್ಣ ವಿಷಯ ಆಗ ಹೊಳೆಯಲಿಲ್ಲ. “ಒಮ್ಮಿ ಪರಿಶೀಲನಾ ಆದ ಕಡತ ಮತ್ತ ಬಿಚ್ಚಬಾರ್ದಪಾ, ಅದು ಕಚೇರಿ ಪದ್ಧತಿ,” ಎಂದೆ. ರಾಜಾಸಾಬ ಅರ್ಜಿಯ ನಮೂನೆ ತೆರೆದು ಆ ಹಾಳೆಯ ಚಿತ್ರ ಹಾಕಿದ.

ನಮೂನೆಯ ಪಕ್ಕದಲ್ಲೇ ಪ್ರಶ್ನೆಗೆ ಉತ್ತರ ಹೇಳುವ ಯಂತ್ರವೂ ಒಂದಿತ್ತು. ಕೇಳುವುದನ್ನು ಕ್ರಮವಾಗಿ ಕೇಳಬೇಕೆಂದು ನಾನು ‘ವಿಷಯ’, ‘ಉಲ್ಲೇಖ’ ಎಲ್ಲ ಹಾಕಿ, ಒಂದು ಪುಟ ಬರೆಸಿ, ‘ತಮ್ಮ ವಿಧೇಯ’ ಎಂದು ಮುಗಿಸಿದೆ. ಯಂತ್ರದಿಂದ ಒಂದೇ ಸಾಲು ಬಂತು: ಈ ಗುರುತಿನ ಮಾಲೀಕರು ನೀವೇನಾ?

ನನಗೆ ಪಿತ್ತ ನೆತ್ತಿಗೇರಿತು. “ಇದಕ್ಕ ನಾನು ಯಾರಂತ ಗೊತ್ತದೇನು? ಹೌದು ಅಂತ ಹಾಕು. ದಪ್ಪ ಅಕ್ಷರದಾಗ ಹಾಕು.”

ಹಾಕಿದ. ಗುರುತು ಯಾವಾಗಿನಿಂದ ಬಳಕೆಯಲ್ಲಿದೆ ಎಂಬ ಕಾಲಮ್ಮಿಗೆ ನೆನಪಿದ್ದಷ್ಟು ಹಿಂದಕ್ಕೆ ಹೋಗಿ ‘ನನ್ನ ಲಗ್ನವಾದ ವರ್ಷದಿಂದ’ ಎಂದು ಬರೆಸಿದೆ. ಮಾಲೀಕ ನಾನೊಬ್ಬನೇ ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ. ಮನೆಗೆ ಬಂದು ಮಾಳಮ್ಮನಿಗೆ ಹೇಳಲಿಲ್ಲ. ಪ್ರಮಾಣಪತ್ರ ಕೈಗೆ ಬಂದಾಗಲೇ ತೋರಿಸಿ ಬೆರಗು ಮಾಡಬೇಕೆಂಬ ಆಸೆ ಇತ್ತು.

ಕೆಲವು ತಿಂಗಳಿಗೆ ಪರಿಶೀಲನಾ ವರದಿ ಬಂತು, ಸರ್ಕಾರದ ಯಂತ್ರವೇ ಹುಡುಕಿ ಕೊಟ್ಟದ್ದು. ಮೊದಲ ಪುಟದಲ್ಲೇ ಬರೆದಿತ್ತು, ಇದೇ ಗುರುತಿಗೆ, ಇದೇ ಸರಕಿಗೆ ನಿಮಗಿಂತ ಮೊದಲೇ ಒಂದು ಅರ್ಜಿ ಇದೆ, ಆಕ್ಷೇಪಕ್ಕೆ ಉತ್ತರ ಕೊಡಿ ಎಂದು. ಆ ಅರ್ಜಿದಾರರ ವಿವರ ಎರಡನೇ ಪುಟದಲ್ಲಿತ್ತು. ಎರಡನೇ ಪುಟ ಓದುವ ಅಭ್ಯಾಸ ನನಗೆ ಸರ್ವಿಸ್ಸಿನಲ್ಲೇ ಇರಲಿಲ್ಲ, ನಿವೃತ್ತಿಯಾದ ಮೇಲೆ ಎಲ್ಲಿಂದ ಬರಬೇಕು? ಕೆಂಭಾವಿ ಸಂತೆಯ ಆ ಮಿಷನ್ ಕಂಬಳಿಯವನೇ ನನಗಿಂತ ಮೊದಲು ಓಡಿ ಅರ್ಜಿ ಹಾಕಿದ್ದಾನೆಂದು ನನಗೆ ಖಾತ್ರಿಯಾಯಿತು.

ಕಟ್ಟೆಯ ಮೇಲೆ ಕುಳಿತು ಉತ್ತರ ಬರೆದೆ. ಮೊದಲ ಅರ್ಜಿದಾರ ಊರೂರು ತಿರುಗುವ ಕಳ್ಳ, ಕುರಿಯ ಬಾಲ ಯಾವುದು ಮೂತಿ ಯಾವುದು ತಿಳಿಯದ ಪರದೇಶಿ, ನೂಲುವ ಕದಿರನ್ನು ಜನ್ಮದಲ್ಲಿ ಮುಟ್ಟದ ಮೋಸಗಾರ; ಇಂಥವರ ಪರವಾಗಿ ಯಂತ್ರ ಸಾವಿರ ಹೇಳಲಿ, ಈ ಬೀರಪ್ಪ ತಲೆ ಬಾಗುವವನಲ್ಲ! ಬರೆಯುತ್ತ ಬರೆಯುತ್ತ ನನಗೇ ರೋಮಾಂಚನವಾಯಿತು. ಮಾಳಮ್ಮ ಪಕ್ಕದಲ್ಲೇ ಉಣ್ಣೆ ಹಿಂಜುತ್ತಿದ್ದಳು.

“ಏನ್ ಬರಿಯಾಕತ್ತೀರಿ ಅಷ್ಟು ಸಿಟ್ಟೀಲೆ?”

“ಆಫೀಸ್ ಕೆಲಸ. ನಿನಗ ತಿಳಿಯಂಗಿಲ್ಲ.”

“ಹೌದ್ರಿ,” ಎಂದು ಅವಳು ಉಣ್ಣೆ ಹಿಂಜಿದಳು.

ವಿಚಾರಣೆಯೂ ಆನ್‌ಲೈನೇ. ನಿಗದಿಯಾದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟಾಗ ಮಾಳಮ್ಮನೂ ಸೆರಗು ಸರಿಮಾಡಿಕೊಂಡು ಎದ್ದಳು. “ನನಗೂ ರಾಜಾಸಾಬಣ್ಣನ ಹಂತ್ಯಾಕ ಕೆಲಸ ಅದ,” ಎಂದಳು. ಬರಲಿ, ಗಂಡನ ಪ್ರತಾಪ ಒಮ್ಮೆಯಾದರೂ ಕಣ್ಣಾರೆ ನೋಡಲಿ ಎಂದುಕೊಂಡೆ. ಅಂಗಡಿಯಲ್ಲಿ ನಾನು ಕಂಪ್ಯೂಟರಿನ ಮುಂದೆ, ಅವಳು ಹಿಂದಿನ ಬೆಂಚಿನ ಮೇಲೆ ಕುಳಿತೆವು. ರಾಜಾಸಾಬ ಯಾಕೋ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದ.

ಪರದೆಯ ಮೇಲೆ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ಮಾತು ತೆಂಕಣ ಸೀಮೆಯ ಮೆತ್ತಗಿನ ಕನ್ನಡ.

“ಬೀರಪ್ಪನವರೇ, ನಿಮ್ಮ ಉತ್ತರ ಓದಿದೆ. ಮೊದಲ ಅರ್ಜಿದಾರರನ್ನು ಕಳ್ಳ, ಪರದೇಶಿ, ಮೋಸಗಾರ ಎಂದು ಬರೆದಿದ್ದೀರಿ. ಅವರು ನಿಮಗೆ ಪರಿಚಯವೇ?”

“ಅಂಥಾವ್ರ ಮಾರಿ ಸೈತ ನೋಡಂಗಿಲ್ರಿ ನಾನು.”

“ವರದಿಯ ಎರಡನೇ ಪುಟ ನೋಡಿಲ್ಲವೇ? ನಾನೇ ಓದುತ್ತೇನೆ. ಮಾಳಮ್ಮ, ಗಂಡ ಬೀರಪ್ಪ, ದೇವಾಪುರ, ಸುರಪುರ ತಾಲೂಕು.”

ನಾನು ಅಷ್ಟಕ್ಕೇ ಸೋಲುವವನೇ? “ಮೇಡಂ, ನಮ್ಮೂರಾಗ ಬೀರಪ್ಪ ಅನ್ನೋರು ಬಾಳ ಮಂದಿ ಅದಾರ್ರಿ.”

“ಮನೆ ನಂಬರೂ ನಿಮ್ಮದೇ ಇದೆ.”

ಹಿಂದಿನ ಬೆಂಚಿನಿಂದ ಸಾವಕಾಶ ಒಂದು ದನಿ ಬಂತು. “ನಾನ ರೀ ಮೇಡಂ, ಆ ಕಳ್ಳಿ.”

ತಿರುಗಿ ನೋಡಿದೆ. ಮಾಳಮ್ಮ ನನ್ನನ್ನು ನೋಡುತ್ತಿರಲಿಲ್ಲ, ಪರದೆಯನ್ನು ನೋಡುತ್ತಿದ್ದಳು. “ಸಂತಿಯಿಂದ ಬಂದ ದಿನಾನೇ ಇವರ್ಗೆ ಹೇಳೀನ್ರಿ. ನಾಳಿ ರಾಜಾಸಾಬಣ್ಣನ ಹಂತ್ಯಾಕ ಹೋಗಿ ನಮ್ಮ ಗುರ್ತು ಬರಸ್ತೀನಿ ಅಂತ. ಹೂಂ ಅಂದ್ರು. ಬರಸಿ ಬಂದೂ ಹೇಳೀನಿ. ಅವಾಗೂ ಹೂಂ ಅಂದ್ರು.”

ರಾಜಾಸಾಬ ಗೋಡೆಗೇ ಹೇಳಿದ, “ಒಬ್ರ ಅರ್ಜಿ ಇನ್ನೊಬ್ರಿಗಿ ಹೇಳಬಾರ್ದಲ್ರಿ ಸಾಹೇಬ್ರ. ಅದಕ್ಕ ಮನ್ಯಾಗ ಕೇಳ್ರಿ ಅಂದಿದ್ದೆ.”

ಅಧಿಕಾರಿ ಇನ್ನೊಂದು ಕಾಗದ ತೆಗೆದರು. “ಗುರುತು ಯಾವಾಗಿನದು ಎಂಬಲ್ಲಿ ನೀವು ಲಗ್ನವಾದ ವರ್ಷದಿಂದ ಎಂದಿದ್ದೀರಿ. ಅವರು ತಮ್ಮ ಅಜ್ಜನ ಕಾಲದಿಂದ, ಲಗ್ನದಲ್ಲಿ ತಮ್ಮ ಜೊತೆ ಗಂಡನ ಮನೆಗೆ ಬಂದದ್ದು ಎಂದಿದ್ದಾರೆ. ಅಜ್ಜನ ಹಳೆಯ ಕಂಬಳಿಯ ಫೋಟೋನೂ ಕೊಟ್ಟಿದ್ದಾರೆ. ಗುರುತು ನಿಮ್ಮ ಮನೆಗೆ ಬಂದದ್ದು ಲಗ್ನದಲ್ಲಿ ಎಂದು ಎರಡೂ ಅರ್ಜಿ ಒಂದೇ ಮಾತು ಹೇಳುತ್ತಿವೆ.”

ಹೌದು, ಒಂದೇ ಮಾತು. ನಮ್ಮ ಮಂದಿಯಲ್ಲಿ ಮಗಳನ್ನು ಕೊಟ್ಟು ಕಳಿಸುವಾಗ ತವರಿನವರು ನಾಲ್ಕು ಕುರಿ ಕೊಡುತ್ತಾರೆ. ಆ ಕುರಿಗಳಿಗೂ ಅವುಗಳ ಮರಿಗಳಿಗೂ ತವರಿನ ಗುರುತೇ. ಗಂಡನ ಮನೆಯವರು ಅದರ ಮೇಲೆ ತಮ್ಮ ಗುರುತು ಬರೆಯುವುದಿಲ್ಲ. ಮಾಳಮ್ಮ ದೋರನಹಳ್ಳಿಯಿಂದ ಬಂದಾಗ ಅವಳ ಹಿಂದೆ ನಾಲ್ಕು ಕುರಿ ಬಂದಿದ್ದವು, ಬೆನ್ನ ಮೇಲೆ ಉಂಗುರ, ಎರಡು ಗೆರೆ. ನಮ್ಮಪ್ಪನ ಹಿಂಡಿನ ಗುರುತು ಒಂದು ಓರೆ ಗೆರೆ. ಕಾಲುವೆ ನೀರು ಬಂದು, ಮೇಯುವ ಬೀಳು ಭೂಮಿಯೆಲ್ಲ ಗದ್ದೆಯಾಗಿ, ನನಗೆ ಕಚೇರಿಯಲ್ಲಿ ಕುರ್ಚಿ ಸಿಕ್ಕ ಮೇಲೆ ಆ ಹಿಂಡನ್ನು ಮಾರಿಬಿಟ್ಟೆವು. ಮಾಳಮ್ಮ ತನ್ನ ನಾಲ್ಕನ್ನು ಮಾರಲು ಬಿಡಲಿಲ್ಲ. ಕಾಲುವೆ ಏರಿಯ ಮೇಲೆ ತಾನೇ ಮೇಯಿಸಿ ನಲವತ್ತು ಮಾಡಿದಳು. ಅಷ್ಟು ವರ್ಷ ಅವುಗಳ ಹಾಲು ಕುಡಿದು, ಕಂಬಳಿ ಹೊದ್ದು, ‘ನಮ್ಮ ಕುರಿ, ನಮ್ಮ ಗುರುತು’ ಅನ್ನುತ್ತ ಅನ್ನುತ್ತ ಅದು ಯಾವಾಗ ‘ನನ್ನದು’ ಆಯಿತೋ ನನಗೇ ತಿಳಿದಿರಲಿಲ್ಲ.

ನನಗೆ ನಿಜವಾಗಿ ನಾಚಿಕೆಯಾಯಿತು. ಸಂತೆಯ ಕಳ್ಳನನ್ನು ಹಿಡಿಯಲು ಹೊರಟವನು ನಾನು. ಅವನು ಮೂಲೆಯ ಉಂಗುರವನ್ನಷ್ಟೇ ಕದ್ದಿದ್ದ. ನಾನು ಅದರ ಒಡೆತನವನ್ನೇ ಸಹಿ ಹಾಕಿ, ಪ್ರಮಾಣ ಮಾಡಿ ಬರೆಸಿಕೊಂಡಿದ್ದೆ. ಅವಳು ನನಗಿಂತ ಹದಿನೈದು ದಿನ ಮೊದಲು ಸುರಪುರಕ್ಕೆ ಬರದಿದ್ದರೆ ಅವಳ ಅಜ್ಜನ ಗುರುತು ನನ್ನ ಹೆಸರಿಗೆ ಆಗಿಹೋಗುತ್ತಿತ್ತು. ತಡೆದದ್ದು ಯಾವುದು? ಯಾವುದಕ್ಕೆ ತಲೆ ಬಾಗುವುದಿಲ್ಲ ಎಂದು ನಾನು ಬರೆದಿದ್ದೆನೋ ಆ ಯಂತ್ರ.

ಆದರೂ ಗುಮಾಸ್ತನ ಬುದ್ಧಿ ಎಲ್ಲಿಗೆ ಹೋಗುತ್ತದೆ? “ಮೇಡಂ, ಇಬ್ರ ಹೆಸರ್ಲೆ ಮಾಡಾಕ ಏನರ ದಾರಿ ಅದೇನ್ರಿ?” ಎಂದೆ.

“ಮೊದಲ ಅರ್ಜಿದಾರರು ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟರೆ ನಿಮ್ಮದನ್ನೂ ಪರಿಶೀಲಿಸಬಹುದು. ಏನಮ್ಮಾ, ಒಪ್ಪಿಗೆ ಕೊಡುತ್ತೀರಾ?”

“ಕೊಡಂಗಿಲ್ರಿ,” ಎಂದಳು ಮಾಳಮ್ಮ.

“ನಾ ನಿನ್ನ ಗಂಡ ಇದ್ದೇನಿ,” ಎಂದೆ.

“ಗಂಡ ಇರ್ರಿ, ಬ್ಯಾಡ ಅಂದೋರ್ಯಾರು?” ಎಂದಳು. ಆಮೇಲೆ ಪರದೆಯ ಕಡೆ ತಿರುಗಿದಳು. “ಮೇಡಂ, ಈ ಗುರ್ತು ನಮ್ಮಪ್ಪ ನನಗ ಕೊಟ್ಟಿದ್ರಿ. ಇವರಪ್ಪನ ಗುರ್ತು ಇವ್ರು ಮಾರ್ಕೊಂಡ್ರು. ನಂದು ನಾ ಮಾರಿಲ್ಲ. ಸಂತ್ಯಾಗಿನ ಆ ಮನಿಷ್ಯಾನ್ನ ನಾ ನೋಡ್ಕೋತೀನಿ. ಮೊದ್ಲ ಮನ್ಯಾಗಿನ ಇವರ್ದು ಬಗಿಹರಸ್ರಿ.”

ಅಧಿಕಾರಿ ನಗುವನ್ನು ತಡೆದುಕೊಂಡರೋ, ಜಾಲದ ತೊಂದರೆಯೋ, ಪರದೆ ಒಂದು ಕ್ಷಣ ಅಲುಗಾಡಿತು. ಅರ್ಜಿ ಹಿಂದಕ್ಕೆ ಪಡೆಯುವುದಾದರೆ ಇವತ್ತೇ ಬರೆದುಕೊಡಿ, ಅವರ ಅರ್ಜಿ ಮುಂದೆ ಹೋಗುತ್ತದೆ ಎಂದು ಹೇಳಿ ಮುಗಿಸಿದರು.

ರಾಜಾಸಾಬ ಗೋಡೆ ಬಿಟ್ಟು ಬಂದು ಕುರ್ಚಿಯ ಮೇಲೆ ಕುಳಿತ. “ಕಾರಣ ಏನಂತ ಹಾಕ್ಲಿ ಸಾಹೇಬ್ರ?”

ಮೂವತ್ತು ವರ್ಷದ ಅನುಭವದಲ್ಲಿ ‘ಅನಿವಾರ್ಯ ಕಾರಣಗಳಿಂದ’, ‘ತಾಂತ್ರಿಕ ಅಡಚಣೆಯಿಂದ’ ಎಂಬ ಎಷ್ಟೋ ಒಳ್ಳೆಯ ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಮಾಳಮ್ಮ ಬೆಂಚಿನಿಂದ ಎದ್ದು ಬಂದು ನನ್ನ ಹೆಗಲ ಹಿಂದೆ ನಿಂತಳು. ಆ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ.

“ಗುರುತು ನನ್ನದಲ್ಲ, ನನ್ನ ಹೆಂಡತಿ ಮಾಳಮ್ಮನದು ಅಂತ ಬರಿಪಾ,” ಎಂದೆ.

ರಾಜಾಸಾಬ ಬರೆದ. ಮುದ್ರಿಸಿ ಕೈಗೆ ಕೊಟ್ಟ. ಸಹಿ ಹಾಕಲು ಪೆನ್ನು ತೆಗೆದೆ.

“ತಡ್ರಿ,” ಎಂದಳು ಮಾಳಮ್ಮ. “ಮೊದ್ಲ ಓದಿ ಹೇಳ್ರಿ, ಏನ್ ಬರ್ದೀರಂತ.”

ಓದಿದೆ.

“ಕೇಳಸ್ಲಿಲ್ಲ,” ಎಂದಳು. “ಇನ್ನೊಮ್ಮಿ ಓದ್ರಿ.”